ಎರಡು ವರ್ಷಗಳ ನಡುವಿನ ಅಡ್ಡಗೆರೆ

ಭಾರತದ ವೃತ್ತಿಪರ ಗಾಲ್ಫ್ ಟೂರ್, ಅಂದರೆ ಪಿಜಿಟಿಐ. ಅದರ ಹಳೆಯ ಸೀಸನ್‌ಗಳ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತ ಬಂದರೆ 2017, 2018, 2019 ಎಂದು ಒಂದೊಂದೇ ವರ್ಷ ಸಾಲಾಗಿ ಬರುತ್ತದೆ. ಆಮೇಲೆ 2020-21. ಅದರ ಕೆಳಗೆ ಏನೂ ಆಗಿಲ್ಲವೆಂಬಂತೆ 2022. ಏಷ್ಯನ್ ಟೂರಿನ ಪಟ್ಟಿ ಇನ್ನೂ ಒಂದು ಹೆಜ್ಜೆ ಮುಂದೆ: 2020-21-22. ಮೂರು ಇಸವಿ, ಎರಡು ಅಡ್ಡಗೆರೆ, ಒಂದೇ ಸೀಸನ್.

ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ ಮಾಡುವವನಿಗೆ ಇಂಥ ಗೆರೆಗಳನ್ನು ಕಂಡರೆ ಅನುಮಾನ. ಎರಡು ತ್ರೈಮಾಸಿಕಗಳನ್ನು ಸೇರಿಸಿ ಒಂದೇ ಸ್ಲೈಡ್ ಮಾಡುವುದು ಯಾವಾಗ, ಏಕೆ ಎಂಬುದು ನನಗೆ ಚೆನ್ನಾಗಿ ಗೊತ್ತು; ನಾನೇ ಮಾಡಿದ್ದೇನೆ. ಹಾಗಾಗಿ ಈ ಅಡ್ಡಗೆರೆಯೊಳಗೆ ಏನಿದೆ ಎಂದು ಬಿಡಿಸಿ ನೋಡುವ ಚಟ ಹತ್ತಿತು. ನಾನು ಗಾಲ್ಫ್ ಆಡುವವನಲ್ಲ. ಖಾರ್ಘರ್ ಗುಡ್ಡದ ಬುಡದಲ್ಲಿ ಸಿಡ್ಕೊ 2012ರಲ್ಲಿ ತೆರೆದ ಮೈದಾನವನ್ನು ಮಳೆಗಾಲದ ನಡಿಗೆಯಲ್ಲಿ ದೂರದಿಂದ ನೋಡಿದ್ದು ಬಿಟ್ಟರೆ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ದಿನಗಳಲ್ಲಿ ಎಂಬೆಸಿ ಗಾಲ್ಫ್ ಲಿಂಕ್ಸ್‌ ಟೆಕ್ ಪಾರ್ಕಿನ ಗಾಜಿನಾಚೆ ಕೆಜಿಎ ಹಸಿರನ್ನು ದಿಟ್ಟಿಸುತ್ತ ಊಟ ಮುಗಿಸಿದ್ದಷ್ಟೇ ನನ್ನ ಗಾಲ್ಫ್. ನಿಮ್ಮಲ್ಲೂ ಹಲವರದು ಅಷ್ಟೇ ಇರಬೇಕು.

ಈ ಕತೆಗೆ ನನ್ನನ್ನು ಎಳೆದದ್ದು ಗಾಲ್ಫ್ ಅಲ್ಲ, ಕೋಪರಖೈರಣೆ. 2005ರಲ್ಲಿ ಈ ಊರಿಗೆ ಬಂದಾಗ ಬಾಡಿಗೆಗೆ ಸಿಕ್ಕ ಮೊದಲ ಕೋಣೆ ಒಬ್ಬ ಮಾಥಾಡಿ ಕಾರ್ಮಿಕರ ಮನೆಯ ಮೇಲಂತಸ್ತು. ಮರಾಠಿಯಲ್ಲಿ ಮಾಥಾ ಎಂದರೆ ತಲೆ. ಮಾಥಾಡಿ ಎಂದರೆ ತಲೆಯ ಮೇಲೆ ಮೂಟೆ ಹೊರುವವನು, ನಮ್ಮ ಹಮಾಲಿ. ವಾಶಿಯ ಎಪಿಎಂಸಿ ಮಾರುಕಟ್ಟೆಗೆ ಬರುವ ಈರುಳ್ಳಿ, ಅಕ್ಕಿ, ಬೇಳೆ ಎಲ್ಲವೂ ಇಳಿಯುವುದು ಇವರ ತಲೆಯ ಮೇಲೆಯೇ. ಕೋಪರಖೈರಣೆಯ ಸಣ್ಣ ಸಣ್ಣ ಸಾಲುಮನೆಗಳ ಎಷ್ಟೋ ಓಣಿಗಳು ಇವರಿಗೆಂದೇ ಕಟ್ಟಿದ್ದು. ನನ್ನ ಮನೆ ಮಾಲೀಕರು ಬೆಳಗಿನ ಜಾವ ಎದ್ದು ಹೋಗುವಾಗ ಕೊಕ್ಕೆಯನ್ನು ಪ್ಯಾಂಟಿನ ಬೆಲ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. 2020ರ ಲಾಕ್‌ಡೌನಿನಲ್ಲಿ ನಾನು ಮನೆಯಲ್ಲಿ ಕೂತು ಕಾಲ್ ಮೇಲೆ ಕಾಲ್ ಮಾಡುತ್ತಿದ್ದಾಗ ಅವರ ಮಗ ಅದೇ ಮಾರುಕಟ್ಟೆಗೆ ಹೋಗುತ್ತಿದ್ದ. ಆ ಮೇ ತಿಂಗಳಲ್ಲಿ ಮಾರುಕಟ್ಟೆಯಲ್ಲೇ ಸೋಂಕು ಹಬ್ಬಿ, ಒಂದು ವಾರ ಎಪಿಎಂಸಿಯನ್ನೇ ಮುಚ್ಚಿದರು. ಮೂಟೆ ಇಲ್ಲದಿದ್ದರೆ ಹೊರುವವನಿಗೆ ಕೂಲಿ ಇಲ್ಲ ಎಂಬ ಮಾತು ಓಣಿಯಲ್ಲಿ ಕೇಳಿದ್ದು ಆ ವಾರ. ಗಾಲ್ಫಿನಲ್ಲೂ ಒಬ್ಬ ಹೊರುವವನಿದ್ದಾನಲ್ಲ ಎಂದು ಹೊಳೆದದ್ದು ಬಹಳ ತಡವಾಗಿ.

ಗಾಲ್ಫಿನ ಚೀಲದಲ್ಲಿ ಹದಿನಾಲ್ಕು ಕೋಲುಗಳವರೆಗೆ ಇರಬಹುದು. ಚೆಂಡು, ಛತ್ರಿ, ನೀರು ಎಲ್ಲ ಸೇರಿದರೆ ವೃತ್ತಿಪರ ಆಟಗಾರನ ಚೀಲ ಸುಮಾರು ಇಪ್ಪತ್ತು ಕೆಜಿ. ಅದನ್ನು ಹೆಗಲಿಗೇರಿಸಿ ಹದಿನೆಂಟು ಗುಳಿಗಳ ಸುತ್ತು ಮುಗಿಸಲು ಎಂಟು-ಹತ್ತು ಕಿಲೋಮೀಟರ್ ನಡೆಯಬೇಕು. ಆ ಹೆಗಲು ಕ್ಯಾಡಿಯದು. ಗಾಳಿ ಎತ್ತ, ಇಳಿಜಾರು ಎತ್ತ, ಯಾವ ಕೋಲು ಎಂದು ಹೇಳುವವನೂ ಅವನೇ. ಭಾರತದ ವೃತ್ತಿಪರ ಗಾಲ್ಫಿನ ವಿಶೇಷವೆಂದರೆ, ಆ ಹೆಗಲುಗಳೇ ಎಷ್ಟೋ ಸಲ ಆಟಗಾರರಾದವು. ಇಂಡಿಯನ್ ಓಪನ್ ಶುರುವಾದದ್ದು 1964ರಲ್ಲಿ. ಮರುವರ್ಷ ಬಿಲ್ಲೂ ಸೇಠಿ ಎಂಬ ಅಮೆಚೂರ್ ಅದನ್ನು ಗೆದ್ದರು. ಮತ್ತೊಬ್ಬ ಭಾರತೀಯ ಗೆಲ್ಲಲು 1991 ಬರಬೇಕಾಯಿತು: ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ಚೀಲ ಹೊತ್ತು ಬೆಳೆದ ಅಲಿ ಶೇರ್. 2016 ಮತ್ತು 2017ರಲ್ಲಿ ಸತತವಾಗಿ ಗೆದ್ದ ಎಸ್.ಎಸ್.ಪಿ. ಚೌರಾಸಿಯಾ ಕೊಲ್ಕತ್ತಾದಲ್ಲಿ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ.

ನಮ್ಮವರೂ ಇದ್ದಾರೆ. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು. 2009ರಲ್ಲಿ ಗುರುಗ್ರಾಮದ ಡಿಎಲ್‌ಎಫ್ ಮೈದಾನದಲ್ಲಿ ಕೊರಿಯಾದ ಆಟಗಾರನನ್ನು ಪ್ಲೇಆಫ್‌ನಲ್ಲಿ ಸೋಲಿಸಿ ಇಂಡಿಯನ್ ಓಪನ್ ಎತ್ತಿಕೊಂಡರು. ಅಂತರರಾಷ್ಟ್ರೀಯ ಟೂರಿನಲ್ಲಿ ಅವರ ಹೆಸರನ್ನು ಅಲ್ಲಿಯವರೆಗೆ ಯಾರೂ ಅಷ್ಟಾಗಿ ಕೇಳಿರಲಿಲ್ಲ. ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದ ಬಡ ಮನೆಯಿಂದ ಬಂದು, ಅಲ್ಲಿ ಕೋಚ್ ವಿಜಯ್ ದಿವೇಚಾ ಕೈಯಲ್ಲಿ ಪಳಗಿದ ಎಸ್. ಚಿಕ್ಕರಂಗಪ್ಪ ಏಷ್ಯನ್ ಟೂರಿನವರೆಗೂ ಹೋದರು. ಇಲ್ಲಿ, ಕೊಲ್ಲಿಯ ಆಚೆ ಚೆಂಬೂರಿನಲ್ಲಿ, 1927ರ ಬಾಂಬೆ ಪ್ರೆಸಿಡೆನ್ಸಿ ಗಾಲ್ಫ್ ಕ್ಲಬ್ಬಿನ ಗೋಡೆಯಾಚೆಯ ಓಣಿಗಳಲ್ಲಿ ಹುಡುಗರು ಕಬ್ಬಿಣದ ಸರಳು ಬಗ್ಗಿಸಿ ಕೋಲು ಮಾಡಿಕೊಂಡು ಗಲ್ಲಿ ಕ್ರಿಕೆಟ್ಟಿನ ಹಾಗೆ ಗಲ್ಲಿ ಗಾಲ್ಫ್ ಆಡುತ್ತಾರೆ.

2006ರಲ್ಲಿ ಆಟಗಾರರ ಸಂಸ್ಥೆಯಾಗಿ ಹುಟ್ಟಿದ ಪಿಜಿಟಿಐ ಇಂಥವರಿಗೆ ಸಿಕ್ಕ ಏಣಿ. ಆದರೆ ಏಣಿ ಪುಕ್ಕಟೆಯಲ್ಲ. ಕ್ರಿಕೆಟಿಗನಿಗೆ ಇರುವ ಹಾಗೆ ಇಲ್ಲಿ ಗುತ್ತಿಗೆ ಇಲ್ಲ, ಪಂದ್ಯ ಶುಲ್ಕ ಇಲ್ಲ. ರೈಲು, ಹೋಟೆಲು, ಪ್ರವೇಶಧನ, ಕ್ಯಾಡಿಯ ವಾರದ ಹಣ ಎಲ್ಲ ಆಟಗಾರನ ಜೇಬಿನಿಂದ. ನಾಲ್ಕು ದಿನಗಳ ಟೂರ್ನಿಯಲ್ಲಿ ಎರಡು ದಿನ ಮುಗಿದ ಮೇಲೆ ಕಟ್ ಬೀಳುತ್ತದೆ. ಮೊದಲ ಐವತ್ತು ಸ್ಥಾನ ಮತ್ತು ಅವರೊಂದಿಗೆ ಸಮ ಇದ್ದವರು ಉಳಿಯುತ್ತಾರೆ. ಉಳಿದವರು ಆ ರಾತ್ರಿಯ ರೈಲು ಹಿಡಿಯುತ್ತಾರೆ, ಒಂದು ರೂಪಾಯಿ ಇಲ್ಲದೆ. ಗೆದ್ದವನ ಕ್ಯಾಡಿಗೆ ಬಹುಮಾನದಲ್ಲಿ ಪಾಲು ಕೊಡುವುದು ಪದ್ಧತಿ. ಕಟ್ ತಪ್ಪಿದವನ ಕ್ಯಾಡಿಗೆ ಪಾಲು ಎಲ್ಲಿಂದ? ಟೂರ್ನಿ ನಡೆದರೇ ಈ ಕತೆ. ನಡೆಯದಿದ್ದರೆ ಲೆಕ್ಕವೇ ಶುರುವಾಗುವುದಿಲ್ಲ.

2020 ಚೆನ್ನಾಗಿಯೇ ಶುರುವಾಗಿತ್ತು. ಪುಣೆಯ ಉದಯನ್ ಮಾನೆ ಹೈದರಾಬಾದಿನಲ್ಲಿ ಗೋಲ್ಕೊಂಡ ಮಾಸ್ಟರ್ಸ್ ಗೆದ್ದಿದ್ದರು. ಮಾರ್ಚ್ 19ರಿಂದ 22ರವರೆಗೆ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ನಡೆಯಬೇಕಿತ್ತು. ಆಗ ಯುರೋಪಿಯನ್ ಟೂರ್ ಮತ್ತು ಏಷ್ಯನ್ ಟೂರ್ ಎರಡೂ ಸೇರಿ ಮಾನ್ಯ ಮಾಡುತ್ತಿದ್ದ ಟೂರ್ನಿ ಅದು. ಪಿಜಿಟಿಐ ಆಟಗಾರನಿಗೆ ದೊಡ್ಡ ಬಾಗಿಲು. ಅಲ್ಲಿ ಒಂದು ವಾರ ಎಲ್ಲ ಸರಿಹೋದರೆ ಮುಂದಿನ ಒಂದೆರಡು ವರ್ಷ ಹೊರದೇಶದ ಟೂರಿನಲ್ಲಿ ಆಡುವ ಹಕ್ಕೇ ಸಿಗುತ್ತದೆ. ಮಾರ್ಚ್ ಮೊದಲ ಭಾಗದಲ್ಲಿ ಅದನ್ನು ಮುಂದೂಡಿದರು. ಮುಂದೂಡಿದ್ದು ರದ್ದಾಯಿತು. 2021ರಲ್ಲೂ ನಡೆಯಲಿಲ್ಲ. 2022ರಲ್ಲೂ ಇಲ್ಲ.

ಅದೇ ಮಾರ್ಚಿನಲ್ಲಿ ಕರ್ನಾಟಕ, ಮಹಾರಾಷ್ಟ್ರ, ಹರಿಯಾಣ ಹೀಗೆ ಒಂದೊಂದೇ ರಾಜ್ಯ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಕಪಾಟಿನಿಂದ ತೆಗೆಯಿತು. ಅದು 1897ರ ಕಾಯ್ದೆ. ಅದು ಹುಟ್ಟಿದ್ದು ಇಲ್ಲೇ. 1896ರ ಸೆಪ್ಟೆಂಬರಿನಲ್ಲಿ ಮುಂಬೈ ಬಂದರಿನ ಪಕ್ಕದ ಮಾಂಡವಿಯಲ್ಲಿ, ಧಾನ್ಯದ ಗೋದಾಮುಗಳ ನಡುವೆ, ಡಾ. ಅಕಾಸಿಯೊ ವಿಯೆಗಸ್ ಪ್ಲೇಗ್ ಎಂದು ಗುರುತಿಸಿದ ರೋಗಕ್ಕಾಗಿ. ಎರಡು ವರ್ಷದಲ್ಲಿ ಅದು ಬೆಂಗಳೂರಿಗೂ ಬಂತು. ನಮ್ಮ ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದಕ್ಕೂ ಆ ಪ್ಲೇಗೇ ಕಾರಣ. ಮಾಂಡವಿ, ಮಸ್ಜಿದ್ ಬಂದರ್ ಕಡೆಯ ಆ ಧಾನ್ಯದ ವ್ಯಾಪಾರವೇ ಮುಂದೆ ಕೊಲ್ಲಿ ದಾಟಿ ವಾಶಿಯ ಎಪಿಎಂಸಿಗೆ ಬಂದದ್ದು, ಅದರ ಹಿಂದೆಯೇ ಮಾಥಾಡಿಗಳು ಕೋಪರಖೈರಣೆಗೆ ಬಂದದ್ದು. ಮೂಟೆ ಹೊರುವವರ ನಡುವೆ ಕಂಡ ರೋಗಕ್ಕೆ ಬರೆದ ಕಾಯ್ದೆ ನೂರ ಇಪ್ಪತ್ಮೂರು ವರ್ಷಗಳ ಮೇಲೂ ಜಾರಿಯಲ್ಲಿತ್ತು.

ಹೊರಗಿನ ಪ್ರಪಂಚದಲ್ಲಿ ಆದದ್ದು ಬೇರೆ ವೇಗ. ಅಮೆರಿಕದ ಪಿಜಿಎ ಟೂರ್ ಮಾರ್ಚ್ 12ರಂದು ಫ್ಲಾರಿಡಾದಲ್ಲಿ ಒಂದು ಸುತ್ತು ಮುಗಿದ ಮೇಲೆ ನಿಂತಿತು. ಜೂನ್ 11ಕ್ಕೆ ಟೆಕ್ಸಾಸಿನಲ್ಲಿ ಮತ್ತೆ ಶುರು. ಆಟಗಾರರಿಗೂ ಕ್ಯಾಡಿಗಳಿಗೂ ಪರೀಕ್ಷೆ, ಬಾಡಿಗೆ ವಿಮಾನ, ಪ್ರೇಕ್ಷಕರಿಲ್ಲದ ಮೈದಾನ, ಟಿವಿ ಹಣ. ಏಪ್ರಿಲಿನ ಮಾಸ್ಟರ್ಸ್ ನವೆಂಬರಿಗೆ ಹೋಯಿತು, ಆದರೆ ನಡೆಯಿತು. ಬ್ರಿಟನ್ನಿನ ಓಪನ್ ಮಾತ್ರ ಎರಡನೇ ಮಹಾಯುದ್ಧದ ನಂತರ ಮೊದಲ ಸಲ ರದ್ದಾಯಿತು. ಏಷ್ಯನ್ ಟೂರ್ ಆ ವರ್ಷ ನಾಲ್ಕು ಟೂರ್ನಿ ಮುಗಿಸಿ, ಮಾರ್ಚ್ ಮೊದಲ ವಾರ ಮಲೇಷ್ಯಾದಲ್ಲಿ ನಿಂತದ್ದು ಮತ್ತೆ ಎದ್ದದ್ದು 2021ರ ನವೆಂಬರ್ 25ಕ್ಕೆ, ಫುಕೆಟ್‌ನಲ್ಲಿ. ಹೆಚ್ಚುಕಡಿಮೆ ಇಪ್ಪತ್ತೊಂದು ತಿಂಗಳು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಅಮೆರಿಕದ ಟೂರ್ ಬಹುತೇಕ ಒಂದೇ ದೇಶದೊಳಗೆ ಸುತ್ತುತ್ತದೆ. ಏಷ್ಯನ್ ಟೂರಿಗೆ ವಾರಕ್ಕೊಂದು ಗಡಿ, ಗಡಿಗೊಂದು ಹದಿನಾಲ್ಕು ದಿನದ ಕ್ವಾರಂಟೈನ್. ಹದಿನಾಲ್ಕು ದಿನ ಕೋಣೆಯಲ್ಲಿ ಕೂತು ನಾಲ್ಕು ದಿನ ಆಡಿ ಮತ್ತೊಂದು ದೇಶದಲ್ಲಿ ಹದಿನಾಲ್ಕು ದಿನ ಕೂರುವ ಪ್ಲಾನ್ ಯಾವ ಎಕ್ಸೆಲ್ಲಿನಲ್ಲೂ ಹೊಂದುವುದಿಲ್ಲ.

ಇದರಲ್ಲಿ ನನಗೆ ಅತಿ ಅನ್ಯಾಯ ಎನಿಸಿದ್ದು ಶ್ರೇಯಾಂಕದ ವಿಷಯ. ವಿಶ್ವ ಶ್ರೇಯಾಂಕವೆಂದರೆ ಎರಡು ವರ್ಷಗಳ ಅಂಕಗಳ ಸರಾಸರಿ. ಒಮ್ಮೆ ಗಳಿಸಿದ ಅಂಕ ಹದಿಮೂರು ವಾರ ಪೂರ್ತಿ ಮೌಲ್ಯದಲ್ಲಿರುತ್ತದೆ, ಆಮೇಲೆ ವಾರವಾರವೂ ಸವೆಯುತ್ತದೆ. ಎಷ್ಟು ಕಡಿಮೆ ಆಡಿದರೂ ಕನಿಷ್ಠ ನಲವತ್ತರಿಂದ ಭಾಗಿಸುತ್ತಾರೆ. ಮಾರ್ಚಿನಲ್ಲಿ ಎಲ್ಲ ನಿಂತಾಗ ಶ್ರೇಯಾಂಕವನ್ನೂ ಇದ್ದಲ್ಲೇ ಹೆಪ್ಪುಗಟ್ಟಿಸಿದರು. ಸರಿಯಾದ ಕೆಲಸ. ಆದರೆ ಜೂನ್ ಮಧ್ಯದಲ್ಲಿ, ಅಮೆರಿಕದ ಟೂರ್ ಶುರುವಾದೊಡನೆ, ಹೆಪ್ಪನ್ನು ಕರಗಿಸಿಬಿಟ್ಟರು. ಅಲ್ಲಿಯವರು ಹೊಸ ಅಂಕ ಗಳಿಸುತ್ತಿದ್ದರು. ಬೆಂಗಳೂರು, ಬ್ಯಾಂಕಾಕ್, ಮನಿಲಾಗಳಲ್ಲಿ ಕೂತವರ ಹಳೆಯ ಅಂಕ ಮನೆಯಲ್ಲೇ ಕರಗುತ್ತಿತ್ತು. ಒಂದು ಆಫೀಸಿನ ಬಾಗಿಲು ಮುಚ್ಚಿ, ಹಾಜರಿ ಪುಸ್ತಕ ಮಾತ್ರ ತೆರೆದಿಟ್ಟಂತೆ.

ಉದಯನ್ ಮಾನೆ ಕತೆ ಇಲ್ಲಿ ಬರುತ್ತದೆ. ಒಂದು ವರ್ಷ ಮುಂದೆ ಹೋದ ಟೋಕಿಯೊ ಒಲಿಂಪಿಕ್ಸಿಗೆ ಅರುವತ್ತು ಜನರಿಗಷ್ಟೇ ಜಾಗ, ಅದೂ ಶ್ರೇಯಾಂಕದ ಮೇಲೆ. ನಿಲುಗಡೆಗೆ ಮುಂಚಿನ ತಮ್ಮ ಗೆಲುವುಗಳ ಅಂಕವನ್ನೇ ನೆಚ್ಚಿಕೊಂಡಿದ್ದ ಅವರು ಪಟ್ಟಿಯ ಅಂಚಿನಲ್ಲಿ ಉಳಿದು, ಕೊನೆಗೆ 2021ರ ಜುಲೈಯಲ್ಲಿ ಅರ್ಜೆಂಟೀನಾದ ಎಮಿಲಿಯಾನೊ ಗ್ರಿಲ್ಲೊ ಹಿಂದೆ ಸರಿದದ್ದರಿಂದ ಒಳಗೆ ಬಂದರು. ಪಿಜಿಟಿಐಯಲ್ಲಿ ಆಡಿಯೇ ಒಲಿಂಪಿಕ್ಸಿಗೆ ಹೋದ ಸಾಧನೆ ಅದು. ಇನ್ನೊಬ್ಬರು ಬಿಟ್ಟ ಜಾಗವೆಂದು ಕಡಿಮೆಯಾಗುವುದಿಲ್ಲ.

ಇನ್ನು ಮೈದಾನಗಳು. ಹುಲ್ಲಿಗೆ ಲಾಕ್‌ಡೌನ್ ಇಲ್ಲ. ಗುಳಿಯ ಸುತ್ತಲಿನ ಗ್ರೀನ್ ಎಂಬ ಜಾಗದ ಹುಲ್ಲನ್ನು ಮೂರ್ನಾಲ್ಕು ಮಿಲಿಮೀಟರ್ ಎತ್ತರಕ್ಕೆ ಹೆಚ್ಚೂಕಡಿಮೆ ದಿನವೂ ಕತ್ತರಿಸಬೇಕು, ಏಪ್ರಿಲ್-ಮೇ ಬಿಸಿಲಿನಲ್ಲಿ ನೀರುಣಿಸಬೇಕು. ಕೆಲವು ವಾರ ಬಿಟ್ಟರೆ ವರ್ಷಗಳ ಕೆಲಸ ಹಾಳು. ಹಾಗಾಗಿ ಆಟ ನಿಂತರೂ ಹುಲ್ಲು ನೋಡಿಕೊಳ್ಳುವ ನಾಲ್ಕಾರು ಮಂದಿ ಒಳಗೆ ಬೇಕೇಬೇಕು. ನಮ್ಮ ಕೆಲಸದ ಭಾಷೆಯಲ್ಲಿ ಹೇಳುವುದಾದರೆ, ಬಳಸುವವರು ಒಬ್ಬರೂ ಇಲ್ಲದ ಸರ್ವರನ್ನು ಹಗಲಿರುಳು ಕಾಯುವ ಸಪೋರ್ಟ್ ಟೀಮು.

ಮೈದಾನಗಳು ಮತ್ತೆ ತೆರೆದಾಗ ಗಾಲ್ಫ್ ಬಲು ಸುರಕ್ಷಿತ ಆಟವೆಂದು ಎಲ್ಲರೂ ಒಪ್ಪಿದರು. ಬಯಲು, ಗಾಳಿ, ನೂರು ಎಕರೆಯಲ್ಲಿ ಬೆರಳೆಣಿಕೆಯ ಜನ. ಜಗತ್ತಿನೆಲ್ಲೆಡೆ ತಾತ್ಕಾಲಿಕ ನಿಯಮಗಳು ಬಂದವು: ಗುಳಿಯ ಬಾವುಟದ ಕೋಲನ್ನು ಮುಟ್ಟುವಂತಿಲ್ಲ, ಮರಳುಗುಂಡಿಯ ಕುಂಟೆಗಳನ್ನು ತೆಗೆದಿಟ್ಟರು, ಗುಳಿಯೊಳಗೆ ಕೈ ಹಾಕದಂತೆ ಸ್ಪಂಜು ತುರುಕಿದರು. ಒಂದು ಕೋಲನ್ನು ಇಬ್ಬರು ಮುಟ್ಟಬಾರದು. ಈ ಕೊನೆಯ ನಿಯಮ ಬಂದಾಗ ಕ್ಯಾಡಿಯ ಕೆಲಸದಲ್ಲಿ ಉಳಿಯುವುದೇನು? ಎಷ್ಟೋ ಕ್ಲಬ್ಬುಗಳು ಮೊದಲು ತೆರೆದದ್ದು ಕ್ಯಾಡಿಗಳಿಲ್ಲದೆ. ಸದಸ್ಯರು ತಮ್ಮ ಚೀಲ ತಾವೇ ಎಳೆದುಕೊಂಡು, ತಿಂಗಳುಗಳ ಮೇಲೆ ಸಿಕ್ಕ ಹಸಿರಿನಲ್ಲಿ ನಡೆದರು. ಆಟ ಸುರಕ್ಷಿತವಾಗಿತ್ತು, ಹೊರುವವನು ಗೇಟಿನಾಚೆ ಇದ್ದ. ಕೆಲವೆಡೆ ಸದಸ್ಯರು ಹಣ ಕೂಡಿಸಿ ಕ್ಯಾಡಿಗಳ ಮನೆಗೆ ದಿನಸಿ ಮುಟ್ಟಿಸಿದರು, ಅದನ್ನು ಮರೆಯಬಾರದು. ಆದರೆ ದಾನ ಬೇರೆ, ಹಕ್ಕು ಬೇರೆ.

ನನ್ನ ಹಳೆಯ ಮಾಲೀಕರ ಓಣಿಯನ್ನು ಮತ್ತೆ ನೆನೆಯುವುದು ಇಲ್ಲಿಯೇ. ಅಣ್ಣಾಸಾಹೇಬ್ ಪಾಟೀಲರು ಕಟ್ಟಿದ ಸಂಘಟನೆಯ ಹೋರಾಟದ ಫಲವಾಗಿ ಮಹಾರಾಷ್ಟ್ರದಲ್ಲಿ 1969ರಲ್ಲಿ ಮಾಥಾಡಿ ಕಾಯ್ದೆ ಬಂತು. ಅದರ ಜಾಣತನ ನೋಡಿ. ಮೂಟೆ ಹೊರುವವನಿಗೆ ಒಬ್ಬನೇ ಧಣಿ ಇಲ್ಲ. ಬೆಳಿಗ್ಗೆ ಒಬ್ಬ ವ್ಯಾಪಾರಿ, ಮಧ್ಯಾಹ್ನ ಇನ್ನೊಬ್ಬ. ಹಾಗಾದರೆ ಭವಿಷ್ಯನಿಧಿ ಕಟ್ಟುವವರು ಯಾರು? ಕಾಯ್ದೆ ಧಣಿಯನ್ನು ಹುಡುಕುವ ಗೋಜಿಗೇ ಹೋಗಲಿಲ್ಲ. ಕಾರ್ಮಿಕ, ವ್ಯಾಪಾರಿ ಇಬ್ಬರೂ ಒಂದು ಮಂಡಳಿಯಲ್ಲಿ ನೋಂದಾಯಿಸಬೇಕು. ವ್ಯಾಪಾರಿ ಕೂಲಿಯ ಜೊತೆಗೆ ಇಂತಿಷ್ಟು ಲೆವಿಯನ್ನು ಮಂಡಳಿಗೆ ಕಟ್ಟಬೇಕು. ಮಂಡಳಿ ಕೂಲಿ, ಭವಿಷ್ಯನಿಧಿ, ಗ್ರಾಚ್ಯುಟಿ, ಬೋನಸ್ ಕೊಡುತ್ತದೆ. ನಾನು ಬಾಡಿಗೆಗಿದ್ದ ಆ ಮನೆಯ ಹಿಂದೆಯೂ ಈ ಲೆಕ್ಕವೇ ಇತ್ತು. ಅದರಿಂದ ಸೋಂಕು ತಪ್ಪಲಿಲ್ಲ, ಮಾರುಕಟ್ಟೆ ಮುಚ್ಚಿದ ವಾರದ ಕೂಲಿಯೂ ಹೋಯಿತು. ಆದರೆ ಅವನ ಹೆಸರು ಒಂದು ಪುಸ್ತಕದಲ್ಲಿತ್ತು.

ಕ್ಯಾಡಿಯದೂ ಅದೇ ಸಮಸ್ಯೆ: ಬೆಳಿಗ್ಗೆ ಒಬ್ಬ ಸದಸ್ಯ, ಮಧ್ಯಾಹ್ನ ಇನ್ನೊಬ್ಬ. ಆದರೆ ಉತ್ತರ ಬೇರೆ ಬಂತು. ಹಾಂಗ್‌ಕಾಂಗ್‌ನ ಚೆಂಗ್ ಯುಯೆನ್ ಎಂಬ ಕ್ಯಾಡಿ ತಾನು ರಾಯಲ್ ಹಾಂಗ್‌ಕಾಂಗ್ ಗಾಲ್ಫ್ ಕ್ಲಬ್ಬಿನ ನೌಕರ ಎಂದು ವಾದಿಸಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದ. ಕ್ಲಬ್ ಅವನಿಗೆ ನಂಬರು ಕೊಟ್ಟಿತ್ತು, ಸಮವಸ್ತ್ರ ಕೊಟ್ಟಿತ್ತು, ಲಾಕರ್ ಕೊಟ್ಟಿತ್ತು, ಸುತ್ತಿನ ಹಣವನ್ನೂ ತಾನೇ ಪಾವತಿಸಿ ಸದಸ್ಯರ ಲೆಕ್ಕಕ್ಕೆ ಹಾಕುತ್ತಿತ್ತು. 1997ರಲ್ಲಿ ತೀರ್ಪು ಬಂತು: ಅವನು ಕ್ಲಬ್ಬಿನ ನೌಕರನಲ್ಲ, ಪ್ರತಿ ಸುತ್ತಿಗೂ ಆಯಾ ಆಟಗಾರನೊಂದಿಗೆ ಅವನ ಒಪ್ಪಂದ. ಕಾನೂನಿನ ತರ್ಕ ಇರಬಹುದು. ಆದರೆ ಸುತ್ತುಗಳೇ ಇಲ್ಲದ 2020ರ ಏಪ್ರಿಲಿನಲ್ಲಿ ಆ ತರ್ಕದ ಪ್ರಕಾರ ಕ್ಯಾಡಿಗೆ ಯಾರೂ ಏನೂ ಅಲ್ಲ.

ಪಿಜಿಟಿಐ ಮತ್ತೆ ಎದ್ದದ್ದು 2020ರ ನವೆಂಬರಿನಲ್ಲಿ, ಪಂಚಕುಲದಲ್ಲಿ. ಆಮೇಲೆ ಪಕ್ಕದ ಚಂಡೀಗಢ. ಒಂದೇ ಭಾಗದಲ್ಲಿ ಟೂರ್ನಿಗಳನ್ನು ಗುಡ್ಡೆ ಹಾಕಿದರೆ ಪ್ರಯಾಣ ಕಡಿಮೆ, ಅಪಾಯವೂ ಕಡಿಮೆ. ಒಳ್ಳೆಯ ಪ್ಲಾನಿಂಗ್ ಎಂದೇ ಹೇಳಬೇಕು. ಡಿಸೆಂಬರಿನಲ್ಲಿ ಜಮ್‌ಷೆಡ್‌ಪುರದ ಟಾಟಾ ಸ್ಟೀಲ್ ಟೂರ್ ಚಾಂಪಿಯನ್‌ಶಿಪ್ ಅನ್ನು ಗಗನ್‌ಜೀತ್ ಭುಲ್ಲರ್ ಗೆದ್ದರು. ಏಷ್ಯನ್ ಟೂರ್ ಇನ್ನೂ ಒಂದು ವರ್ಷ ಮಲಗಿರಲಿದ್ದಾಗ ನಮ್ಮ ಟೂರ್ ಎದ್ದು ನಿಂತದ್ದು ಸಣ್ಣ ಮಾತಲ್ಲ. ಭುಲ್ಲರ್ ಅವರಂಥ ಹೊರದೇಶದಲ್ಲಿ ಆಡುವವರೂ ಮನೆಗೆ ಬಂದು ಆಡಿದರು. ಅದರ ಇನ್ನೊಂದು ಮುಖವೂ ಇತ್ತು: ಐವತ್ತರ ಗೆರೆಯ ಅಂಚಿನಲ್ಲಿ ಬದುಕುವವನ ಮುಂದೆ ದೊಡ್ಡವರು ಬಂದು ನಿಂತರೆ ಅವನಿಗೆ ಆ ರಾತ್ರಿಯ ರೈಲೇ ಗತಿ. 2021ರ ಆರಂಭದಲ್ಲಿ ಟೂರ್ನಿಗಳು ಮತ್ತೆ ನಡೆದವು, ಎರಡನೇ ಅಲೆ ಬಂತು, ಮತ್ತೆ ನಿಂತವು. ಹೀಗೆ ತುಂಡು ತುಂಡಾದ ಎರಡು ವರ್ಷಗಳನ್ನು ಹೊಲಿದು ಒಂದೇ ಸೀಸನ್ ಮಾಡಿದರು. ಅಡ್ಡಗೆರೆ ಬಂದದ್ದು ಹಾಗೆ.

ಆ ಎರಡು ವರ್ಷದಲ್ಲಿ ಭಾರತ ಗಾಲ್ಫ್ ನೋಡಲೆಂದು ಬೆಳಗಿನ ಜಾವ ಎದ್ದು ಕೂತದ್ದು ಒಂದೇ ಸಲ, 2021ರ ಆಗಸ್ಟ್ 7. ಕೆಜಿಎಯಲ್ಲಿ ಆಡಿ ಬೆಳೆದ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊದಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರು. ಕೆಲವೇ ವಾರಗಳ ಹಿಂದೆ ಅವರಿಗೆ ಕೋವಿಡ್ ಆಗಿತ್ತು, ಹೊಡೆತದ ದೂರ ಕಡಿಮೆಯಾಗಿತ್ತು. ಆ ದಿನ ಅವರ ಚೀಲ ಹೊತ್ತಿದ್ದವರು ತಾಯಿ. ಕೋಪರಖೈರಣೆಯ ನಮ್ಮ ಕಟ್ಟಡದಲ್ಲಿ ಗಾಲ್ಫ್ ಎಂದರೆ ಏನೆಂದು ತಿಳಿಯದವರೂ ಬರ್ಡಿ ಎಂದರೇನು ಎಂದು ವಾಟ್ಸಾಪಿನಲ್ಲಿ ಕೇಳುತ್ತಿದ್ದರು.

ಇಂಡಿಯನ್ ಓಪನ್ ಮರಳಿ ಬಂದದ್ದು 2023ರ ಫೆಬ್ರವರಿಯಲ್ಲಿ. ನಿಲ್ಲುವ ಮುಂಚಿನ ಕೊನೆಯ ಓಪನ್ 2019ರದು, ಗೆದ್ದವರು ಸ್ಕಾಟ್ಲೆಂಡಿನ ಸ್ಟೀಫನ್ ಗ್ಯಾಲಾಚರ್. ಕೊನೆಯ ದಿನ ಒಂದೇ ಗುಳಿಗೆ ಎಂಟು ಹೊಡೆತ ಹೊಡೆದೂ ಗೆದ್ದರು, ಚೀಲ ಹೊತ್ತಿದ್ದವನು ಅವರ ಮಗ. 2023ರಲ್ಲಿ ಗೆದ್ದವರು ಜರ್ಮನಿಯ ಮಾರ್ಸೆಲ್ ಸೀಮ್. ಗೆದ್ದವರ ಹೆಸರುಗಳನ್ನಷ್ಟೇ ಬರೆಯುತ್ತ ಹೋದರೆ ಗ್ಯಾಲಾಚರ್ ಹೆಸರಿನ ಕೆಳಗೆ ನೇರವಾಗಿ ಸೀಮ್ ಹೆಸರು ಬರುತ್ತದೆ. ಅಲ್ಲಿ ಅಡ್ಡಗೆರೆಯೂ ಇಲ್ಲ.